ಮಣ್ಣಿನಲ್ಲಿ ಸಾರಜನಕಕ್ಕೆ ಸಿಗುವ ಕೆಲವು ವಾರಗಳು: ನೈಟ್ರೀಕರಣ ಪ್ರತಿಬಂಧಕಗಳ ಲಾಭ ಮತ್ತು ಮಿತಿ

ಹದವಾದ ತೇವವಿರುವ ಮಣ್ಣಿನ ಮೇಲೆ ಯೂರಿಯಾದ ಒಂದು ಬಿಳಿ ಕಾಳನ್ನು ಹಾಕಿ ನೋಡುತ್ತಿದ್ದರೆ, ಅದು ಸುತ್ತಲಿನ ತೇವವನ್ನು ಎಳೆದುಕೊಂಡು ಕೆಲವೇ ಗಂಟೆಗಳಲ್ಲಿ ಕರಗಿ, ಬಿದ್ದ ಜಾಗದಲ್ಲಿ ಒಂದು ಸಣ್ಣ ಒದ್ದೆ ಗುರುತನ್ನಷ್ಟೇ ಉಳಿಸಿ ಇಲ್ಲವಾಗುತ್ತದೆ. ಕಣ್ಣಿಗೆ ಕಾಣುವುದು ಇಷ್ಟೇ. ಆ ಕಾಳಿನ ತೂಕದಲ್ಲಿ ಶೇಕಡ 46ರಷ್ಟಿದ್ದ ಸಾರಜನಕ ಮುಂದೆ ಎಲ್ಲಿಗೆ ಹೋಯಿತು, ಬೆಳೆಯ ಬೇರಿಗೆ ಎಷ್ಟು ದಕ್ಕಿತು, ಗಾಳಿಗೆಷ್ಟು, ಅಂತರ್ಜಲಕ್ಕೆಷ್ಟು ಎಂಬುದು ಮುಂದಿನ ಮೂರು ನಾಲ್ಕು ವಾರಗಳಲ್ಲಿ, ಬರಿಗಣ್ಣಿಗೆ ಕಾಣದ ಜೀವಿಗಳಿಂದ ಬಹುಮಟ್ಟಿಗೆ ತೀರ್ಮಾನವಾಗುತ್ತದೆ. ಆ ವಾರಗಳನ್ನು ಸ್ವಲ್ಪ ಹಿಗ್ಗಿಸುವ ಪ್ರಯತ್ನವೇ ನೈಟ್ರೀಕರಣ ಪ್ರತಿಬಂಧಕಗಳ, ಅಂದರೆ ಮಣ್ಣಿನ ಅಮೋನಿಯಂ ಸುಲಭವಾಗಿ ಬಸಿದುಹೋಗುವ ನೈಟ್ರೇಟಾಗಿ ಬದಲಾಗುವುದನ್ನು ತಡಮಾಡಿಸುವ ವಸ್ತುಗಳ, ಬಳಕೆ. ರಸಗೊಬ್ಬರದ ನಷ್ಟ ಮತ್ತು ಹವಾಮಾನದ ಮೇಲೆ ಅದರ ಪರಿಣಾಮದ ಚರ್ಚೆಗಳಲ್ಲಿ ಇವುಗಳ ಹೆಸರು ಮೇಲಿಂದ ಮೇಲೆ ಕೇಳಿಬರುತ್ತಿರುವುದರಿಂದ, ಇವು ಏನು ಮಾಡಬಲ್ಲವು, ಎಲ್ಲಿ ಸೋಲುತ್ತವೆ ಎಂಬುದನ್ನು ವಿವರವಾಗಿ ನೋಡುವುದು ಅಗತ್ಯ.

ಕರಗಿದ ಯೂರಿಯಾವನ್ನು ಮಣ್ಣಿನಲ್ಲಿರುವ ಯೂರಿಯೇಸ್ ಎಂಬ ಕಿಣ್ವ ಮೊದಲು ಅಮೋನಿಯಂ ರೂಪಕ್ಕೆ ತರುತ್ತದೆ. ಬೆಚ್ಚಗಿನ ಮಣ್ಣಿನಲ್ಲಿ ಇದಕ್ಕೆ ಕೆಲವು ದಿನಗಳು ಸಾಕು. ಅಮೋನಿಯಂ ಧನ ವಿದ್ಯುದಂಶವುಳ್ಳ ಅಯಾನು. ಜೇಡಿಯ ಕಣಗಳ ಮತ್ತು ಸಾವಯವ ಪದಾರ್ಥದ ಮೇಲ್ಮೈ ಬಹುಮಟ್ಟಿಗೆ ಋಣ ವಿದ್ಯುದಂಶದ್ದಾದ್ದರಿಂದ ಅವು ಅಮೋನಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತವೆ, ಮಳೆ ಬಂದರೂ ಅದು ಸುಲಭಕ್ಕೆ ಕೆಳಗಿಳಿಯುವುದಿಲ್ಲ. ಆದರೆ ಗಾಳಿಯಾಡುವ ಮಣ್ಣಿನಲ್ಲಿ ಈ ಸ್ಥಿತಿ ಹೆಚ್ಚು ಕಾಲ ಉಳಿಯದು. ಒಂದು ಗುಂಪಿನ ಸೂಕ್ಷ್ಮಜೀವಿಗಳು ತಮ್ಮ ಬದುಕಿಗೆ ಬೇಕಾದ ಶಕ್ತಿಗಾಗಿ ಅಮೋನಿಯಾವನ್ನು ಉತ್ಕರ್ಷಿಸಿ ನೈಟ್ರೈಟ್ ಮಾಡುತ್ತವೆ, ಇನ್ನೊಂದು ಗುಂಪು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಇದೇ ನೈಟ್ರೀಕರಣ. ಹೀಗೆ ಹುಟ್ಟಿದ ನೈಟ್ರೇಟ್ ಋಣ ಅಯಾನು. ಅದನ್ನು ಜೇಡಿ ಹಿಡಿಯುವುದಿಲ್ಲ, ನೀರು ಹೋದ ಕಡೆ ಅದೂ ಹೋಗುತ್ತದೆ. ಬೇರಿನ ಆಳವನ್ನು ದಾಟಿ ಇಳಿದರೆ ಅಂತರ್ಜಲಕ್ಕೆ ಸೇರುತ್ತದೆ, ಬಸಿಗಾಲುವೆಯ ದಾರಿ ಹಿಡಿದರೆ ಹಳ್ಳಕ್ಕೂ ನದಿಗೂ ಸೇರುತ್ತದೆ. ಮಳೆ ಸುರಿದು ಮಣ್ಣಿನ ರಂಧ್ರಗಳಲ್ಲಿ ಗಾಳಿಯ ಬದಲು ನೀರು ತುಂಬಿದಾಗ, ಆಮ್ಲಜನಕ ಸಿಗದ ಬೇರೆ ಬ್ಯಾಕ್ಟೀರಿಯಾಗಳು ಅದೇ ನೈಟ್ರೇಟನ್ನು ಉಸಿರಾಟಕ್ಕೆ ಬಳಸಿಕೊಂಡು ನೈಟ್ರಸ್ ಆಕ್ಸೈಡ್ ಮತ್ತು ಸಾರಜನಕದ ಅನಿಲಗಳಾಗಿ ಗಾಳಿಗೆ ಬಿಡುತ್ತವೆ, ಇದು ವಿನೈಟ್ರೀಕರಣ. ಅಂದರೆ ಬಸಿದುಹೋಗುವ ನಷ್ಟಕ್ಕೂ ಅನಿಲವಾಗಿ ಹೋಗುವ ನಷ್ಟದ ದೊಡ್ಡ ಪಾಲಿಗೂ ಬಾಗಿಲು ತೆರೆಯುವುದು ಅಮೋನಿಯಂ ರೂಪ ನೈಟ್ರೇಟಾಗಿ ಬದಲಾಗುವ ಆ ಒಂದು ಹೆಜ್ಜೆಯಲ್ಲಿ.

ಜಗತ್ತಿನ ಹೊಲಗಳಿಗೆ ವರ್ಷಕ್ಕೆ ಸುಮಾರು 11 ಕೋಟಿ ಟನ್ ಸಾರಜನಕ ರಸಗೊಬ್ಬರದ ರೂಪದಲ್ಲಿ ಬೀಳುತ್ತದೆ. ಅದನ್ನು ಗಾಳಿಯಿಂದ ಹಿಡಿದು ಅಮೋನಿಯಾ ಮಾಡುವ ಕೆಲಸಕ್ಕೆ ಮಾನವ ಬಳಸುವ ಒಟ್ಟು ಶಕ್ತಿಯ ಶೇಕಡ 1ರಿಂದ 2ರಷ್ಟು ಖರ್ಚಾಗುತ್ತದೆ. ಹೀಗೆ ಕಷ್ಟಪಟ್ಟು ಹಿಡಿದ ಸಾರಜನಕದಲ್ಲಿ, ಧಾನ್ಯದ ಬೆಳೆಗಳ ಮಟ್ಟಿಗೆ ಹೇಳುವುದಾದರೆ, ಅರ್ಧಕ್ಕಿಂತ ಕಡಿಮೆ ಪಾಲು ಮಾತ್ರ ಆ ಹಂಗಾಮಿನ ಕೊಯ್ಲಿನಲ್ಲಿ ಸಿಗುತ್ತದೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 50 ಮಿಲಿಗ್ರಾಂ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದಕ್ಕೆ ಮುಖ್ಯ ಕಾರಣ ಹಸುಗೂಸುಗಳ ರಕ್ತ ಆಮ್ಲಜನಕವನ್ನು ಒಯ್ಯುವ ಶಕ್ತಿಯನ್ನು ಕಳೆದುಕೊಳ್ಳುವ ಅಪಾಯ. ನೈಟ್ರಸ್ ಆಕ್ಸೈಡಿನ ಪ್ರಮಾಣ ಕಿಲೋಗಳ ಲೆಕ್ಕದಲ್ಲಿ ಸಣ್ಣದು; ಆದರೆ ನೂರು ವರ್ಷಗಳ ಅವಧಿಯಲ್ಲಿ ಅದು ಅದೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 273 ಪಟ್ಟು ಹೆಚ್ಚು ಶಾಖವನ್ನು ಹಿಡಿದಿಡುತ್ತದೆ, ಮೇಲಾಗಿ ಓಝೋನ್ ಪದರವನ್ನೂ ಸವೆಸುತ್ತದೆ. ರೈತನಿಗೆ ಹೆಕ್ಟೇರಿಗೆ ಒಂದು ಕಿಲೋ ಸಾರಜನಕ ಈ ಅನಿಲವಾಗಿ ಹೋದರೆ ಲೆಕ್ಕಕ್ಕೇ ಬಾರದು, ವಾತಾವರಣಕ್ಕೆ ಮಾತ್ರ ಅದು ಸುಮಾರು ನೂರು ವರ್ಷಗಳ ಲೆಕ್ಕದಲ್ಲಿ ಉಳಿಯುವ ಹೊರೆ. ಈ ವ್ಯತ್ಯಾಸವನ್ನು ನೆನಪಿನಲ್ಲಿಟ್ಟುಕೊಳ್ಳಬೇಕು, ಪ್ರತಿಬಂಧಕದ ಖರ್ಚನ್ನು ಯಾರು ಹೊರಬೇಕು ಎಂಬ ಪ್ರಶ್ನೆ ಬಂದಾಗ ಇದು ಮತ್ತೆ ಬೇಕಾಗುತ್ತದೆ.

ನೈಟ್ರೀಕರಣ ಮಾಡುವ ಬ್ಯಾಕ್ಟೀರಿಯಾಗಳನ್ನು 1890ರ ಸುಮಾರಿಗೆ ಸೂಕ್ಷ್ಮಜೀವಿ ವಿಜ್ಞಾನಿ ಸೆರ್ಗೆಯ್ ವಿನೊಗ್ರಾಡ್‌ಸ್ಕಿ ಪ್ರತ್ಯೇಕಿಸಿ ತೋರಿಸಿದ ಮೇಲೆ ನೂರಕ್ಕೂ ಹೆಚ್ಚು ವರ್ಷ ಈ ಕೆಲಸವೆಲ್ಲ ಬ್ಯಾಕ್ಟೀರಿಯಾಗಳದ್ದೇ ಎಂದು ನಂಬಲಾಗಿತ್ತು. 2005ರಲ್ಲಿ ಅಮೋನಿಯಾವನ್ನು ಉತ್ಕರ್ಷಿಸುವ ಆರ್ಕಿಯಾಗಳನ್ನು, ಅಂದರೆ ಬ್ಯಾಕ್ಟೀರಿಯಾಗಳಿಗಿಂತ ಭಿನ್ನವಾದ ಏಕಕೋಶ ಜೀವಿಗಳನ್ನು, ಪ್ರಯೋಗಾಲಯದಲ್ಲಿ ಬೆಳೆಸಲಾಯಿತು. 2015ರಲ್ಲಿ ಎರಡೂ ಹೆಜ್ಜೆಗಳನ್ನು ಒಂದೇ ಜೀವಕೋಶದಲ್ಲಿ ಮುಗಿಸುವ ನೈಟ್ರೊಸ್ಪೈರಾ ಎಂಬ ಬ್ಯಾಕ್ಟೀರಿಯಾಗಳು ಪತ್ತೆಯಾದವು. ಇವುಗಳೆಲ್ಲದರಲ್ಲೂ ಮೊದಲ ಹೆಜ್ಜೆಯನ್ನು ನಡೆಸುವುದು ಅಮೋನಿಯಾ ಮಾನೋಆಕ್ಸಿಜನೇಸ್ ಎಂಬ, ತಾಮ್ರವಿಲ್ಲದೆ ಕೆಲಸ ಮಾಡದ ಕಿಣ್ವ. ಇಂದು ಮಾರುಕಟ್ಟೆಯಲ್ಲಿರುವ ಪ್ರಮುಖ ಪ್ರತಿಬಂಧಕಗಳು ಕೈಹಾಕುವುದು ಈ ಕಿಣ್ವದ ಮೇಲೆ. ಬಳಕೆಯ ಪ್ರಮಾಣದಲ್ಲಿ ಅವು ಸೂಕ್ಷ್ಮಜೀವಿಗಳನ್ನು ಸಾರಾಸಗಟಾಗಿ ಕೊಲ್ಲುವುದಿಲ್ಲ, ಅವುಗಳ ಕೆಲಸವನ್ನು ನಿಧಾನಗೊಳಿಸುತ್ತವೆ; ರಾಸಾಯನಿಕ ಕೊಳೆತು ಮುಗಿದಂತೆ ಕೆಲಸ ಮತ್ತೆ ಮೊದಲಿನ ವೇಗಕ್ಕೆ ಬರುತ್ತದೆ. ಆದ್ದರಿಂದ ಇವುಗಳನ್ನು ತಡೆಗೋಡೆ ಎಂದು ಭಾವಿಸುವುದಕ್ಕಿಂತ ತಡಮಾಡುವ ಸಾಧನಗಳೆಂದು ಭಾವಿಸುವುದು ಸರಿ. ನನ್ನ ಅಭಿಪ್ರಾಯದಲ್ಲಿ ಇವುಗಳ ಬಗೆಗಿನ ಬಹುಪಾಲು ತಪ್ಪು ನಿರೀಕ್ಷೆಗಳು ಹುಟ್ಟುವುದೇ ತಡೆಗೂ ತಡಕ್ಕೂ ಇರುವ ಈ ಅಂತರವನ್ನು ಮರೆತಾಗ.

ಹೆಚ್ಚು ಬಳಕೆಯಲ್ಲಿರುವ ಮೂರು ಸಂಯುಕ್ತಗಳ ಗುಣ ಬೇರೆ ಬೇರೆ. ನೈಟ್ರಾಪೈರಿನ್ 1960ರ ದಶಕದ ಆರಂಭದಲ್ಲಿ ಬಂದದ್ದು. ಸುಲಭವಾಗಿ ಆವಿಯಾಗುವುದರಿಂದ ಅದನ್ನು ಮಣ್ಣಿನೊಳಗೆ ಸೇರಿಸಬೇಕಾಗುತ್ತದೆ, ಹೀಗಾಗಿ ಅಮೋನಿಯಾವನ್ನೇ ನೇರವಾಗಿ ಮಣ್ಣಿನೊಳಕ್ಕೆ ಹೊಗಿಸುವ ಉತ್ತರ ಅಮೆರಿಕದ ಮೆಕ್ಕೆಜೋಳದ ಹೊಲಗಳಲ್ಲಿ ಅದು ನೆಲೆಯೂರಿತು. ಡಿಸಿಡಿ ಎಂದು ಕರೆಯಲಾಗುವ ಡೈಸಯಾನ್‌ಡೈಅಮೈಡ್ ನೀರಿನಲ್ಲಿ ಚೆನ್ನಾಗಿ ಕರಗುತ್ತದೆ, ಆವಿಯಾಗುವುದಿಲ್ಲ, ಅಗ್ಗ. ಆದರೆ ಪರಿಣಾಮ ಬೀರಲು ಹೆಕ್ಟೇರಿಗೆ ಹಲವು ಕಿಲೋ ಬೇಕು, ಜೋರು ಮಳೆ ಬಂದರೆ ತಾನೇ ಬಸಿದುಹೋಗಿ ತಾನು ಕಾಯಬೇಕಾದ ಅಮೋನಿಯಂ ಅನ್ನು ಮೇಲೆಯೇ ಬಿಟ್ಟುಬಿಡುತ್ತದೆ. 1990ರ ದಶಕದ ಕೊನೆಯಲ್ಲಿ ಜರ್ಮನಿಯಿಂದ ಬಂದ ಡಿಎಂಪಿಪಿ, ಅಂದರೆ ಡೈಮೀಥೈಲ್‌ಪೈರಜೋಲ್ ಫಾಸ್ಫೇಟ್, ಹೆಕ್ಟೇರಿಗೆ ಒಂದು ಕಿಲೋದ ಆಸುಪಾಸಿನಲ್ಲೇ ಕೆಲಸ ಮಾಡುತ್ತದೆ ಮತ್ತು ಮಣ್ಣಿನಲ್ಲಿ ಹೆಚ್ಚು ಓಡಾಡದೆ ಅಮೋನಿಯಂ ಇರುವ ಜಾಗದ ಹತ್ತಿರವೇ ಉಳಿಯುತ್ತದೆ. ಕಾಯುವವನು ಕಾಯಬೇಕಾದ ವಸ್ತುವಿನ ಪಕ್ಕದಲ್ಲಿರಬೇಕು ಎಂಬ ಸರಳ ವಿಚಾರ ಇಲ್ಲಿ ರಸಾಯನಶಾಸ್ತ್ರದಷ್ಟೇ ಮುಖ್ಯ.

ಇವುಗಳ ಫಲ ನಿಜವಾದದ್ದು ಎನ್ನುವುದರಲ್ಲಿ ಅನುಮಾನವಿಲ್ಲ. ಹಲವು ದೇಶಗಳ ಹೊಲದ ಪ್ರಯೋಗಗಳನ್ನು ಒಟ್ಟುಗೂಡಿಸಿ 2010ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ, ಪ್ರತಿಬಂಧಕ ಸೇರಿಸಿದ ಗೊಬ್ಬರದಿಂದ ನೈಟ್ರಸ್ ಆಕ್ಸೈಡ್ ಸರಾಸರಿ ಶೇಕಡ 38ರಷ್ಟು ಕಡಿಮೆಯಾಗುತ್ತದೆ ಎಂದು ತೋರಿಸಿತು. 2015ರ ಇನ್ನೊಂದು ವಿಶ್ಲೇಷಣೆಯಲ್ಲಿ ಆ ಇಳಿಕೆ ಶೇಕಡ 44, ಬಸಿದುಹೋಗುವ ಸಾರಜನಕದ ಇಳಿಕೆ ಶೇಕಡ 48. ಇಳುವರಿಯ ಮಾತು ಬಂದಾಗ ಸಂಖ್ಯೆಗಳು ತಗ್ಗುತ್ತವೆ. ಯೂರಿಯಾ ಅಮೋನಿಯಂ ಆಗುವುದನ್ನು ತಡಮಾಡಿಸುವ ಯೂರಿಯೇಸ್ ಪ್ರತಿಬಂಧಕಗಳನ್ನೂ ಸೇರಿಸಿ 2014ರಲ್ಲಿ ಮಾಡಿದ ಲೆಕ್ಕದಲ್ಲಿ ಸರಾಸರಿ ಹೆಚ್ಚಳ ಶೇಕಡ 7.5. ಈ ಸರಾಸರಿಗಳ ಹಿಂದೆ ಏನೂ ಫಲ ಕಾಣದ ಹೊಲಗಳೂ ಇವೆ, ತುಂಬ ಫಲ ಕಂಡ ಹೊಲಗಳೂ ಇವೆ. ನಷ್ಟವೇ ಇಲ್ಲದ ಕಡೆ ಉಳಿಸಲು ಏನೂ ಇರುವುದಿಲ್ಲ ಎಂಬುದು ಇದಕ್ಕೆ ಅರ್ಧ ಉತ್ತರ.

ಇನ್ನರ್ಧ ಉತ್ತರ 2015ರ ಅದೇ ವಿಶ್ಲೇಷಣೆಯ ಮತ್ತೊಂದು ಸಂಖ್ಯೆಯಲ್ಲಿದೆ: ಪ್ರತಿಬಂಧಕ ಬಳಸಿದಾಗ ಅಮೋನಿಯಾ ಅನಿಲವಾಗಿ ಹೋಗುವ ನಷ್ಟ ಸರಾಸರಿ ಶೇಕಡ 20ರಷ್ಟು ಹೆಚ್ಚಾಗಿತ್ತು. ಕಾರಣವನ್ನು ಊಹಿಸುವುದು ಕಷ್ಟವಲ್ಲ. ನೈಟ್ರೀಕರಣ ತಡವಾದಷ್ಟೂ ಅಮೋನಿಯಂ ಹೆಚ್ಚು ದಿನ ಮಣ್ಣಿನಲ್ಲಿ ಉಳಿಯುತ್ತದೆ. ಅದಲ್ಲದೆ ನೈಟ್ರೀಕರಣವು ಮಣ್ಣನ್ನು ಆಮ್ಲೀಯಗೊಳಿಸುವ ಕ್ರಿಯೆಯಾದ್ದರಿಂದ, ಅದು ನಿಂತಾಗ ಯೂರಿಯಾ ಕರಗಿದ ಜಾಗದ ಕ್ಷಾರತೆ ಬೇಗ ಇಳಿಯುವುದಿಲ್ಲ. ಕ್ಷಾರತೆ ಹೆಚ್ಚಿದ್ದಲ್ಲಿ ಅಮೋನಿಯಂ ಅಮೋನಿಯಾ ಅನಿಲವಾಗಿ ಹಾರುತ್ತದೆ. ಸುಣ್ಣದ ಅಂಶ ಹೆಚ್ಚಿರುವ ಮಣ್ಣಿನಲ್ಲಿ, ಬಿಸಿಲು ಗಾಳಿಗಳ ದಿನ, ಮೇಲ್ಮೈ ಮೇಲೆ ಯೂರಿಯಾ ಎರಚಿ ಬಿಟ್ಟ ಹೊಲದಲ್ಲಿ ಬಗ್ಗಿ ನೋಡಿದರೆ ಆ ಘಾಟು ಮೂಗಿಗೇ ತಿಳಿಯುತ್ತದೆ. ಹಾಗೆ ಹೋದ ಅಮೋನಿಯಾ ಬೇರೆಲ್ಲೋ ನೆಲಕ್ಕಿಳಿದು, ಅಲ್ಲಿ ಮತ್ತೆ ನೈಟ್ರೀಕರಣಗೊಂಡು, ಅದರ ಒಂದು ಸಣ್ಣ ಪಾಲು ನೈಟ್ರಸ್ ಆಕ್ಸೈಡ್ ಆಗುತ್ತದೆ. ಆದ್ದರಿಂದ ಒಂದು ಬಾಗಿಲು ಮುಚ್ಚುವ ಭರದಲ್ಲಿ ಇನ್ನೊಂದನ್ನು ತೆರೆಯದಿರಬೇಕಾದರೆ ಗೊಬ್ಬರವನ್ನು ಮಣ್ಣಿನೊಳಗೆ ಕೆಲವು ಸೆಂಟಿಮೀಟರ್ ಆಳಕ್ಕೆ ಸೇರಿಸಬೇಕು, ಇಲ್ಲವೇ ಎರಚಿದ ಕೂಡಲೇ ನೀರು ಕೊಟ್ಟು ಇಳಿಸಬೇಕು, ಎರಡೂ ಆಗದ ಕಡೆ ಯೂರಿಯೇಸ್ ಪ್ರತಿಬಂಧಕವನ್ನು ಜೊತೆಗೆ ಬಳಸಬೇಕು. ಜರ್ಮನಿಯಲ್ಲಿ 2020ರಿಂದ ಯೂರಿಯಾವನ್ನು ಯೂರಿಯೇಸ್ ಪ್ರತಿಬಂಧಕದೊಂದಿಗೆ ಹಾಕಬೇಕು ಅಥವಾ ನಾಲ್ಕು ಗಂಟೆಯೊಳಗೆ ಮಣ್ಣಿಗೆ ಸೇರಿಸಬೇಕು ಎಂಬ ನಿಯಮವಿರುವುದು ಈ ಅಮೋನಿಯಾ ನಷ್ಟವನ್ನು ತಗ್ಗಿಸಲೆಂದೇ. ಕ್ಷಾರ ಮಣ್ಣಿನ ಮೇಲ್ಮೈಗೆ ಎರಚುವ ಯೂರಿಯಾಕ್ಕೆ ನೈಟ್ರೀಕರಣ ಪ್ರತಿಬಂಧಕವನ್ನೊಂದೇ ಶಿಫಾರಸು ಮಾಡುವುದು ಅರೆಬರೆ ಸಲಹೆ ಎಂದೇ ನಾನು ಹೇಳುತ್ತೇನೆ.

ಮಣ್ಣಿನ ಉಷ್ಣತೆ ಉಳಿದೆಲ್ಲ ಅಂಶಗಳಿಗಿಂತ ಹೆಚ್ಚು ನಿರ್ಣಾಯಕ. ಪ್ರತಿಬಂಧಕಗಳು ತಾವೂ ಸೂಕ್ಷ್ಮಜೀವಿಗಳ ಆಹಾರವೇ. ಮಣ್ಣು ಬೆಚ್ಚಗಾದಷ್ಟೂ ಅವು ಬೇಗ ಕೊಳೆಯುತ್ತವೆ. 10 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ತಿಂಗಳುಗಟ್ಟಲೆ ಉಳಿಯುವ ಡಿಸಿಡಿ, 25 ಡಿಗ್ರಿ ಮೀರಿದ ಮಣ್ಣಿನಲ್ಲಿ ಕೆಲವೇ ವಾರಗಳಲ್ಲಿ ಶಕ್ತಿ ಕಳೆದುಕೊಳ್ಳುತ್ತದೆ. ಅಮೆರಿಕದ ಮಧ್ಯಪಶ್ಚಿಮ ರಾಜ್ಯಗಳಲ್ಲಿ ಮೆಕ್ಕೆಜೋಳಕ್ಕೆ ಶರತ್ಕಾಲದಲ್ಲೇ ಅಮೋನಿಯಾ ಹಾಕುವವರಿಗೆ ಮಣ್ಣು ಸುಮಾರು 10 ಡಿಗ್ರಿಗಿಂತ ಕೆಳಗಿಳಿಯುವವರೆಗೆ ಕಾಯಿರಿ, ಜೊತೆಗೆ ಪ್ರತಿಬಂಧಕ ಬಳಸಿರಿ ಎಂದು ಹೇಳುವುದರ ಹಿಂದಿನ ತರ್ಕ ಇದೇ: ಚಳಿಯೂ ರಾಸಾಯನಿಕವೂ ಸೇರಿ ಮುಂದಿನ ವಸಂತದವರೆಗೆ ಅಮೋನಿಯಂ ಅನ್ನು ಕಾಯಬೇಕು. ಉಷ್ಣವಲಯದ ಹೊಲದಲ್ಲಿ ಚಳಿಯ ಸಹಾಯ ಇಲ್ಲ, ಅವಧಿ ಮೊಟಕು. ಅಲ್ಲಿ ಪ್ರತಿಬಂಧಕ ಬಳಸುವುದಾದರೆ ಬೆಳೆ ಸಾರಜನಕವನ್ನು ಅತಿ ವೇಗವಾಗಿ ಹೀರುವ ವಾರಗಳಿಗೆ ಸ್ವಲ್ಪ ಮೊದಲು, ಅಂದರೆ ಮೇಲುಗೊಬ್ಬರದ ಜೊತೆಗೆ ಬಳಸಿದರೆ ಗಳಿಸಿದ ಸಮಯ ಬೇರಿಗೆ ದಕ್ಕುತ್ತದೆ. ಬಿತ್ತನೆಯ ದಿನವೇ ಪೂರ್ತಿ ಗೊಬ್ಬರ ಹಾಕಿ ಇದನ್ನು ನಂಬಿ ಕೂತರೆ, ಸಸಿ ಎರಡೆಲೆ ಬಿಡುವ ಹೊತ್ತಿಗೆ ಕಾವಲು ಸಡಿಲವಾಗತೊಡಗಿರುತ್ತದೆ. ಮಣ್ಣಿನ ಜಾತಿಯೂ ಲೆಕ್ಕಕ್ಕೆ ಬರುತ್ತದೆ. ಮರಳು ಮಿಶ್ರಿತ ಮಣ್ಣಿನಲ್ಲಿ ಬಸಿಯುವಿಕೆ ಜೋರು, ಆದ್ದರಿಂದ ಉಳಿತಾಯವೂ ದೊಡ್ಡದು. ಸಾವಯವ ಪದಾರ್ಥ ಹೆಚ್ಚಿರುವ ಮಣ್ಣು ಪ್ರತಿಬಂಧಕವನ್ನೇ ಹೀರಿಕೊಂಡು ಅದರ ಬಲ ತಗ್ಗಿಸುತ್ತದೆ. ಹಂಗಾಮಿನುದ್ದಕ್ಕೂ ನೀರು ನಿಂತಿರುವ ಭತ್ತದ ಗದ್ದೆಯಲ್ಲಿ ನೈಟ್ರೀಕರಣ ನಡೆಯುವುದೇ ಮೇಲಿನ ತೆಳು ಪದರದಲ್ಲಿ ಮತ್ತು ಬೇರಿನ ಸುತ್ತ ಮಾತ್ರ, ಆದ್ದರಿಂದ ಪ್ರತಿಬಂಧಕಕ್ಕೆ ಕೆಲಸ ಕಡಿಮೆ. ನೀರು ಕಟ್ಟಿ ಒಣಗಿಸಿ ಮತ್ತೆ ಕಟ್ಟುವ ಪದ್ಧತಿಯಲ್ಲಿ ಅದರ ಅಗತ್ಯ ಹೆಚ್ಚುತ್ತದೆ.

ನ್ಯೂಜಿಲೆಂಡಿನ ಅನುಭವ ಬೇರೆಯೇ ಪಾಠವನ್ನು ಕಲಿಸುತ್ತದೆ. ಅಲ್ಲಿಯ ಹುಲ್ಲುಗಾವಲುಗಳಲ್ಲಿ ಸಾರಜನಕ ಸೋರುವ ದೊಡ್ಡ ಮೂಲ ರಸಗೊಬ್ಬರವಲ್ಲ, ಹಸುಗಳ ಮೂತ್ರ. ಒಂದು ಹಸು ಮೂತ್ರ ಬಿಟ್ಟ ಪುಟ್ಟ ಜಾಗದಲ್ಲಿ ಬೀಳುವ ಸಾರಜನಕ ಹೆಕ್ಟೇರಿನ ಲೆಕ್ಕದಲ್ಲಿ 1,000 ಕಿಲೋದವರೆಗೂ ಹೋಗಬಹುದು. ಅದನ್ನು ಹಿಡಿದಿಡಲು ಹುಲ್ಲಿನ ಮೇಲೆ ಡಿಸಿಡಿ ಸಿಂಪಡಿಸುವ ಪದ್ಧತಿ ಬೆಳೆದು ಬಂದಿತ್ತು, ತಂಪು ಹವೆಯಲ್ಲಿ ಫಲವೂ ಚೆನ್ನಾಗಿತ್ತು. 2012ರಲ್ಲಿ ಹಾಲಿನ ಉತ್ಪನ್ನಗಳಲ್ಲಿ ಡಿಸಿಡಿಯ ಅತಿ ಸಣ್ಣ ಅಂಶ ಪತ್ತೆಯಾಯಿತು. ಆರೋಗ್ಯಕ್ಕೆ ಅಪಾಯವಿಲ್ಲದ ಮಟ್ಟ ಎಂದು ಅಲ್ಲಿಯ ಸರ್ಕಾರ ಹೇಳಿದರೂ, ಆ ವಸ್ತುವಿಗೆ ಅಂತರರಾಷ್ಟ್ರೀಯವಾಗಿ ಒಪ್ಪಿತವಾದ ಶೇಷಮಿತಿಯೇ, ಅಂದರೆ ಆಹಾರದಲ್ಲಿ ಎಷ್ಟು ಉಳಿದಿರಬಹುದು ಎಂಬ ಮಿತಿಯೇ, ಇರಲಿಲ್ಲ. ಮಿತಿ ನಿಗದಿಯಾಗದ ವಸ್ತುವಿನ ವಿಷಯದಲ್ಲಿ, ಹಾಲಿನ ಉತ್ಪನ್ನ ಕೊಳ್ಳುವ ದೇಶಗಳು ಶೂನ್ಯವನ್ನೇ ನಿರೀಕ್ಷಿಸುತ್ತವೆ. 2013ರ ಜನವರಿಯ ಹೊತ್ತಿಗೆ ಅದರ ಮಾರಾಟ ನಿಂತಿತು. ಒಳ್ಳೆಯ ಉದ್ದೇಶದ, ಹೊಲದಲ್ಲಿ ಗೆದ್ದ ಒಂದು ತಂತ್ರ ಆಹಾರದ ನಿಯಮಗಳ ಪೂರ್ವಸಿದ್ಧತೆಯಿಲ್ಲದೆ ನೆಲಕಚ್ಚಿದ್ದು ನಿಜಕ್ಕೂ ಬೇಸರದ ಸಂಗತಿ. ಮಣ್ಣಿಗೆ ಹಾಕುವ ಯಾವುದೇ ಹೊಸ ಸಂಯುಕ್ತ ಹಾಲಿಗೆ, ಧಾನ್ಯಕ್ಕೆ, ಕುಡಿಯುವ ನೀರಿಗೆ ಎಷ್ಟು ದಾಟುತ್ತದೆ ಎಂಬ ಅಳತೆ ಅದನ್ನು ವ್ಯಾಪಕವಾಗಿ ಬಳಸುವುದಕ್ಕೆ ಮೊದಲು ಆಗಬೇಕು.

ಬೇವಿನ ವಿಷಯಕ್ಕೆ ಬಂದರೆ, ಬೇವಿನ ಬೀಜದ ಹಿಂಡಿ ಮತ್ತು ಎಣ್ಣೆಯಲ್ಲಿರುವ ಕಹಿ ಸಂಯುಕ್ತಗಳು ನೈಟ್ರೀಕರಣವನ್ನು ನಿಧಾನಗೊಳಿಸುತ್ತವೆ ಎಂಬುದು ಭಾರತದ ಸಂಶೋಧಕರು 1970ರ ದಶಕದಿಂದಲೂ ಅಧ್ಯಯನ ಮಾಡುತ್ತ ಬಂದ ವಿಷಯ. 2015ರಲ್ಲಿ ಭಾರತ ಸರ್ಕಾರ ದೇಶದಲ್ಲಿ ತಯಾರಾಗುವ ಯೂರಿಯಾವೆಲ್ಲವೂ ಬೇವು ಲೇಪಿತವಾಗಿರಬೇಕೆಂದು ಕಡ್ಡಾಯ ಮಾಡಿತು. ಪ್ರತಿಬಂಧಕದ ಗುಣವುಳ್ಳ ವಸ್ತುವನ್ನು ಇಷ್ಟು ದೊಡ್ಡ ಪ್ರಮಾಣದಲ್ಲಿ ಹೊಲಗಳಿಗೆ ತಲುಪಿಸಿದ ಇನ್ನೊಂದು ಉದಾಹರಣೆ ಸಿಗುವುದು ಕಷ್ಟ. ಈ ಕ್ರಮಕ್ಕೆ ಎರಡು ಉದ್ದೇಶಗಳಿದ್ದವು. ಕೃಷಿಗೆಂದು ಇರುವ ಯೂರಿಯಾ ಬೇರೆ ಬಳಕೆಗಾಗಿ ಕಾರ್ಖಾನೆಗಳ ಪಾಲಾಗದಂತೆ ತಡೆಯುವುದು ಒಂದು, ಮಣ್ಣಿನಲ್ಲಿ ಸಾರಜನಕವನ್ನು ಉಳಿಸುವುದು ಇನ್ನೊಂದು. ಎರಡನೆಯದರ ಬಗ್ಗೆ ಎಚ್ಚರದಿಂದ ಮಾತನಾಡಬೇಕು. ಲೇಪದಲ್ಲಿರುವ ಎಣ್ಣೆಯ ಪ್ರಮಾಣ ಗೊಬ್ಬರದ ತೂಕಕ್ಕೆ ಹೋಲಿಸಿದರೆ ಅತ್ಯಲ್ಪ, ಬೇವಿನ ಬೀಜದಿಂದ ಬೀಜಕ್ಕೆ ಸಕ್ರಿಯ ಸಂಯುಕ್ತಗಳ ಪ್ರಮಾಣ ಬದಲಾಗುತ್ತದೆ, ಕಾಯುವ ಅವಧಿಯೂ ಚಿಕ್ಕದು. ಆದ್ದರಿಂದ ಬೇವು ಲೇಪನವನ್ನು ಸಾಧಾರಣ ಬಲದ ಪ್ರತಿಬಂಧಕವೆಂದು ಎಣಿಸಿ, ಕಂತುಗಳಲ್ಲಿ ಗೊಬ್ಬರ ಕೊಡುವ ಹಳೆಯ ಶಿಸ್ತನ್ನು ಬಿಡದಿರುವುದೇ ವಿವೇಕ.

ಕೆಲವು ಸಸ್ಯಗಳು ಈ ಕೆಲಸವನ್ನು ತಾವೇ ಮಾಡಿಕೊಳ್ಳುತ್ತವೆ. ದಕ್ಷಿಣ ಅಮೆರಿಕದ ಸಾರವಿಲ್ಲದ ಮಣ್ಣುಗಳಲ್ಲಿ ಮೇವಿಗಾಗಿ ಬೆಳೆಯುವ ಬ್ರಾಕಿಯೇರಿಯಾ ಹುಲ್ಲಿನ ಬೇರಿನಿಂದ ಒಸರುವ ಬ್ರಾಕಿಯಲಾಕ್ಟೋನ್ ಎಂಬ ಸಂಯುಕ್ತವನ್ನು 2009ರಲ್ಲಿ ಗುರುತಿಸಲಾಯಿತು. ಜೋಳದ ಬೇರು ಸೋರ್ಗೋಲಿಯೋನ್ ಎಂಬ ಇಂಥದ್ದೇ ವಸ್ತುವನ್ನು ಒಸರುತ್ತದೆ. ಜಪಾನಿನ ವಿಜ್ಞಾನಿಗಳ ನೇತೃತ್ವದ ತಂಡವೊಂದು ಕಾಡು ಹುಲ್ಲೊಂದರ ವರ್ಣತಂತುವಿನ ತುಂಡನ್ನು ಅಡ್ಡ ತಳಿ ಸಂಕರಣದ ಮೂಲಕ ಗೋಧಿಗೆ ತಂದು, ಆ ಗೋಧಿಯ ಬೇರುಗಳು ನೈಟ್ರೀಕರಣವನ್ನು ಕುಗ್ಗಿಸುವುದನ್ನು 2021ರಲ್ಲಿ ತೋರಿಸಿತು. ಈ ದಾರಿಯ ಆಕರ್ಷಣೆ ಸ್ಪಷ್ಟ: ಬೇರು ಬೆಳೆದಲ್ಲೆಲ್ಲ ಕಾವಲು ಇರುತ್ತದೆ, ಬೆಳೆ ಇರುವಷ್ಟು ದಿನವೂ ಇರುತ್ತದೆ, ರೈತ ಪ್ರತ್ಯೇಕವಾಗಿ ಏನನ್ನೂ ಕೊಳ್ಳಬೇಕಾಗಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಉಳಿಯುವ ಮುಖ್ಯ ಮಾತು ಗೊಬ್ಬರದ ಪ್ರಮಾಣದ್ದು. ಒಂದು ಸರಳ ಲೆಕ್ಕ ಹಾಕೋಣ. ಹೆಕ್ಟೇರಿಗೆ 120 ಕಿಲೋ ಸಾರಜನಕ ಹಾಕುವ ಹೊಲದಲ್ಲಿ ನೈಟ್ರೇಟಿನ ದಾರಿಯಲ್ಲಿ 40 ಕಿಲೋ ನಷ್ಟವಾಗುತ್ತಿದೆ, ಪ್ರತಿಬಂಧಕ ಅದರಲ್ಲಿ 15 ಕಿಲೋವನ್ನು ಉಳಿಸಿತು ಎಂದುಕೊಳ್ಳಿ. ಆ ಹೊಲದ ಬೆಳೆ ಮೊದಲೇ ಸಾರಜನಕದ ಕೊರತೆಯಲ್ಲಿದ್ದರೆ ಉಳಿದ 15 ಕಿಲೋ ತೆನೆಗೆ ಹೋಗುತ್ತದೆ, ಇಳುವರಿ ಏರುತ್ತದೆ. ಆದರೆ ಬೆಳೆಗೆ ಬೇಕಾದ್ದು ಮೊದಲೇ ಸಿಗುತ್ತಿದ್ದರೆ, ನಷ್ಟವಾಗುತ್ತದೆಂದು ತಿಳಿದೇ ರೈತ ಹೆಚ್ಚು ಹಾಕುತ್ತಿದ್ದರೆ, ಉಳಿದ 15 ಕಿಲೋವನ್ನು ಹೀರುವ ಬೇರು ಎಲ್ಲಿದೆ? ಅದು ಕೊಯ್ಲಿನವರೆಗೂ ಮಣ್ಣಿನಲ್ಲಿದ್ದು, ಪ್ರತಿಬಂಧಕ ಕೊಳೆತ ಮೇಲೆ ನೈಟ್ರೇಟ್ ಆಗಿ, ಬೆಳೆಯಿಲ್ಲದ ನೆಲದ ಮೇಲೆ ಮುಂದಿನ ಮಳೆ ಬಿದ್ದಾಗ ಹೋಗಬೇಕಾದಲ್ಲಿಗೇ ಹೋಗುತ್ತದೆ. ನಷ್ಟ ಕೆಲವು ತಿಂಗಳು ಮುಂದಕ್ಕೆ ಸರಿಯಿತು ಅಷ್ಟೇ. ಅದೇ ರೈತ 120ರ ಬದಲು 105 ಕಿಲೋ ಹಾಕಿದರೆ ಇಳುವರಿ ಉಳಿದು, ಗೊಬ್ಬರದ ಖರ್ಚು ಇಳಿದು, ನೀರಿಗೂ ಗಾಳಿಗೂ ಹೋಗುವುದು ನಿಜವಾಗಿ ಕಡಿಮೆಯಾಗುತ್ತದೆ. ಪ್ರಮಾಣ ಇಳಿಸದೆ ಪ್ರತಿಬಂಧಕ ಸೇರಿಸುವುದು, ತೂತು ಬಿದ್ದ ಕೊಡದ ಒಂದು ತೂತನ್ನು ಮುಚ್ಚಿ ನೀರನ್ನು ಮೊದಲಿನಷ್ಟೇ ಸುರಿದಂತೆ.

ಪ್ರಮಾಣ ಇಳಿಸುವ ಧೈರ್ಯ ರೈತನಿಗೆ ಸುಲಭಕ್ಕೆ ಬರುವುದಿಲ್ಲ, ಅದಕ್ಕೆ ಅವನನ್ನು ದೂರುವುದೂ ನ್ಯಾಯವಲ್ಲ. ಹೆಚ್ಚು ಹಾಕಿ ಕಳೆದುಕೊಳ್ಳುವ ಗೊಬ್ಬರ ಕಣ್ಣಿಗೆ ಕಾಣದು. ಕಡಿಮೆ ಹಾಕಿದಾಗ ಹಳದಿ ತಿರುಗುವ ಎಲೆ ಮಾತ್ರ ಊರಿಗೆಲ್ಲ ಕಾಣುತ್ತದೆ. ಪ್ರತಿಬಂಧಕ ಕೊಳ್ಳುವ ಹಣ ಅವನದು, ತಿಳಿಯಾಗುವ ಅಂತರ್ಜಲ ಮತ್ತು ತಗ್ಗುವ ನೈಟ್ರಸ್ ಆಕ್ಸೈಡ್ ಎಲ್ಲರದು. ಹೀಗಿರುವಾಗ ಖರ್ಚಿನ ಒಂದು ಭಾಗವನ್ನು ಸಮಾಜ ಹೊರುವುದು ಧರ್ಮವೇ, ಆದರೆ ಆ ನೆರವು ಪ್ರತಿಬಂಧಕದ ಕೊಳ್ಳುವಿಕೆಗೆ ಮಾತ್ರ ಅಂಟಿಕೊಳ್ಳದೆ ಇಳಿಸಿದ ಪ್ರಮಾಣಕ್ಕೂ ಅಂಟಿಕೊಂಡಿರಬೇಕು. ಯುರೋಪಿಯನ್ ಒಕ್ಕೂಟದ 2019ರ ಗೊಬ್ಬರ ನಿಯಮಾವಳಿಯ ಪ್ರಕಾರ, ಹಾಕಿದ 14 ದಿನಗಳ ನಂತರದ ಪರೀಕ್ಷೆಯಲ್ಲಿ ಅಮೋನಿಯಂ ಉತ್ಕರ್ಷಣೆಯ ವೇಗ ಶೇಕಡ 20ರಷ್ಟಾದರೂ ತಗ್ಗಿದ್ದರೆ ಮಾತ್ರ ಒಂದು ವಸ್ತುವನ್ನು ನೈಟ್ರೀಕರಣ ಪ್ರತಿಬಂಧಕ ಎಂದು ಕರೆಯಬಹುದು. ಹೆಸರು ಕೊಡಲು ಇದು ಸಾಕು. ಹೊಲದಲ್ಲಿ ಒಂದು ಹಂಗಾಮಿನ ಉಳಿತಾಯವನ್ನು ಹೇಳಲು ಸಾಲದು.

ಆ ಉಳಿತಾಯವನ್ನು ಅಳೆಯುವ ಕೆಲಸ ತಾಳ್ಮೆಯದು. ನೈಟ್ರಸ್ ಆಕ್ಸೈಡ್ ಅಳೆಯುವವರು ಮಣ್ಣಿನಲ್ಲಿ ಊರಿದ ಚೌಕಟ್ಟಿನ ಮೇಲೆ ಮುಚ್ಚಳ ಕವುಚಿ, ಒಳಗಿನ ಗಾಳಿಯನ್ನು ನಿಗದಿತ ನಿಮಿಷಗಳ ಅಂತರದಲ್ಲಿ ಸಿರಿಂಜಿನಿಂದ ಎಳೆದು ಸಣ್ಣ ಸೀಸೆಗಳಲ್ಲಿ ತುಂಬಿಕೊಳ್ಳುತ್ತಾರೆ. ಗೊಬ್ಬರ ಹಾಕಿದ ಮೇಲೆ ಬಿದ್ದ ಮೊದಲ ಜೋರು ಮಳೆಯ ನಂತರದ ಕೆಲವೇ ದಿನಗಳಲ್ಲಿ ಇಡೀ ಹಂಗಾಮಿನ ದೊಡ್ಡ ಪಾಲು ಹೊರಬೀಳಬಹುದಾದ್ದರಿಂದ, ಆ ದಿನಗಳಲ್ಲಿ ಹೊಲಕ್ಕೆ ಹೋಗದವರ ಲೆಕ್ಕ ತಪ್ಪುತ್ತದೆ. ರೈತನ ಮಟ್ಟದಲ್ಲಿ ಇದಕ್ಕಿಂತ ಸುಲಭವಾದ ದಾರಿಯಿದೆ. ಹೊಲದಲ್ಲಿ ಮೂರು ಪಟ್ಟಿ ಗುರುತಿಸಿ, ಒಂದಕ್ಕೆ ಎಂದಿನ ಗೊಬ್ಬರ, ಇನ್ನೊಂದಕ್ಕೆ ಅದೇ ಪ್ರಮಾಣ ಪ್ರತಿಬಂಧಕದೊಂದಿಗೆ, ಮೂರನೆಯದಕ್ಕೆ ಪ್ರತಿಬಂಧಕದೊಂದಿಗೆ ಎಂಟನೆಯ ಒಂದು ಭಾಗ ಕಡಿಮೆ ಗೊಬ್ಬರ ಕೊಟ್ಟು, ಇಳುವರಿಯನ್ನು ಬೇರೆ ಬೇರೆಯಾಗಿ ತೂಗಬೇಕು. ಕೊಯ್ಲಾದ ವಾರದಲ್ಲೇ, ಮುಂದಿನ ಮಳೆಗೆ ಮೊದಲು, ಪ್ರತಿ ಪಟ್ಟಿಯಿಂದ 90 ಸೆಂಟಿಮೀಟರ್ ಆಳದವರೆಗೆ ಮಣ್ಣು ತೆಗೆದು ನೈಟ್ರೇಟಿನ ಪರೀಕ್ಷೆ ಮಾಡಿಸಬೇಕು. ಎರಡನೆಯ ಪಟ್ಟಿಯ ಮಣ್ಣಿನಲ್ಲಿ ಉಳಿದ ನೈಟ್ರೇಟ್ ಮೊದಲನೆಯದಕ್ಕಿಂತ ಹೆಚ್ಚಿದ್ದು, ಮೂರನೆಯ ಪಟ್ಟಿಯ ಇಳುವರಿ ಉಳಿದೆರಡರ ಸಮಕ್ಕಿದ್ದರೆ, ಆ ಹೊಲಕ್ಕೆ ಮುಂದಿನ ಹಂಗಾಮಿನಲ್ಲಿ ಎಷ್ಟು ಗೊಬ್ಬರ ಸಾಕು ಎಂಬುದು ಅಲ್ಲೇ ಸಿಕ್ಕಿತು.